ಲಾಸ್ಸಾ ಜ್ವರ: ಇಲಿಯಿಂದ ಬರುವ ವೈರಾಣುವಿನ ಪ್ರಸಾರ ಹಾಗೂ ಬದಲಾವಣೆ – ಪಶ್ಚಿಮ ಆಫ್ರಿಕಾಕ್ಕೆ ತೆರಳುವವರ ಗಮನಕ್ಕೆ

ನೈಜೀರಿಯಾ, ಘಾನಾ, ಲೈಬೀರಿಯಾ ಮುಂತಾದ ದೇಶಗಳಿಗೆ ಉದ್ಯೋಗ ಅಥವಾ ವ್ಯಾಪಾರದ ನಿಮಿತ್ತ ತೆರಳುವ ನಾಗರಿಕರು ಪೀತಜ್ವರ ಲಸಿಕೆಯ ಅಂತರರಾಷ್ಟ್ರೀಯ ಪ್ರಮಾಣಪತ್ರ ಪಡೆಯುವುದು ಸರಿಯಷ್ಟೆ. ಸದರಿ ಪ್ರಮಾಣಪತ್ರವು ಲಸಿಕೆ ಪಡೆದ 10 ದಿನಗಳ ನಂತರ ಊರ್ಜಿತಕ್ಕೆ ಬರುತ್ತದೆ. 2016ರ ಜುಲೈ 11ರಿಂದ ಇದನ್ನು ಜೀವಿತಾವಧಿಗೆ ಮಾನ್ಯಗೊಳಿಸಲಾಗಿದೆ. ಆದರೆ ಅದು ಪೀತಜ್ವರವೊಂದಕ್ಕೇ ಸಂಬಂಧಪಟ್ಟದ್ದು. ಅದೇ ಭೂಭಾಗದಲ್ಲಿ ಇಲಿಗಳ ಮೂಲಕ ಬರುವ ಲಾಸ್ಸಾ ಜ್ವರಕ್ಕೆ ಪರವಾನಗಿ ಪಡೆದ ಲಸಿಕೆಯೇ ಇಲ್ಲ. ಒಂದು ಚುಚ್ಚುಮದ್ದಿನಿಂದ ಎಲ್ಲ ಜ್ವರಗಳಿಂದಲೂ ರಕ್ಷಣೆ ದೊರೆಯಿತೆಂದು ಅರ್ಜಿದಾರರು ಭಾವಿಸಬಾರದೆಂಬ ಉದ್ದೇಶದಿಂದ ಈ ಮಾಹಿತಿಯನ್ನು ಪ್ರಕಟಿಸಲಾಗಿದೆ.

ಈಶಾನ್ಯ ನೈಜೀರಿಯಾದ ಲಾಸ್ಸಾ ಎಂಬ ಊರಿನಲ್ಲಿ 1969ರಲ್ಲಿ ಒಬ್ಬ ದಾದಿ ಅಸ್ವಸ್ಥರಾದರು. ಅವರನ್ನು ಜೋಸ್ ನಗರದ ಆಸ್ಪತ್ರೆಗೆ ಸಾಗಿಸಲಾಯಿತು. ಅಲ್ಲಿ ಆರೈಕೆಯಲ್ಲಿ ತೊಡಗಿದ್ದ ಇನ್ನಿಬ್ಬರು ದಾದಿಯರಿಗೂ ಸೋಂಕು ತಗುಲಿ, ಮೂವರಲ್ಲಿ ಒಬ್ಬರು ಮಾತ್ರ ಬದುಕುಳಿದರು. ಕಾಯಿಲೆಗೆ ಊರಿನ ಹೆಸರೇ ನಿಂತಿತು. ವೈರಾಣುವಿನ ನೆಲೆ ಯಾವುದೆಂಬುದು ಗೊತ್ತಾದದ್ದು 1972ರಲ್ಲಿ, ಸಿಯೆರಾ ಲಿಯೋನ್ ದೇಶದ ಮನೆಗಳಲ್ಲಿ ಹಿಡಿದ ಇಲಿಗಳ ಪರೀಕ್ಷೆಯಿಂದ. ಆ ಇಲಿಯ ಶಾಸ್ತ್ರೀಯ ಹೆಸರು ಮ್ಯಾಸ್ಟೊಮಿಸ್ ನಟಾಲೆನ್ಸಿಸ್. ವೈರಾಣು ಹೊಕ್ಕರೂ ಇಲಿಗೆ ಕಾಯಿಲೆಯಾಗುವುದಿಲ್ಲ. ಮೂತ್ರ ಮತ್ತು ಹಿಕ್ಕೆಗಳಲ್ಲಿ ಅದು ವೈರಾಣುವನ್ನು ಹೊರಹಾಕುತ್ತಲೇ ಇರುತ್ತದೆ. ಅವು ಬಿದ್ದ ಆಹಾರ, ಪಾತ್ರೆ, ನೆಲದ ಮೂಲಕ ಸೋಂಕು ಮನುಷ್ಯರನ್ನು ತಲುಪುತ್ತದೆ. ಕೆಲವೆಡೆ ಇಲಿಯನ್ನು ಹಿಡಿದು ತಿನ್ನುವ ರೂಢಿಯೂ ಇದ್ದು, ಅದನ್ನು ಶುಚಿಗೊಳಿಸುವಾಗಲೂ ಸೋಂಕು ತಗುಲುವುದುಂಟು.

ಮಳೆಗಾಲದಲ್ಲಿ ಈ ಇಲಿಗಳು ಹೊಲಗಳಲ್ಲಿ ಚದುರುತ್ತವೆ. ಹೊರಗೆ ಆಹಾರ ವಿರಳವಾಗುವ ಒಣ ಋತುವಿನಲ್ಲಿ ಮನೆ ಸೇರುತ್ತವೆ. ಸುಗ್ಗಿಯ ಧಾನ್ಯ ಆಗ ಮನೆಯೊಳಗಿರುತ್ತದೆ. ಮರಗೆಣಸಿನಿಂದ ತಯಾರಿಸುವ ಗಾರಿ ಎಂಬ ಆಹಾರವನ್ನು ಅಂಗಳದಲ್ಲಿ ಹರಡಿ ಒಣಗಿಸುವುದೂ ಸಾಮಾನ್ಯ. ನೈಜೀರಿಯಾದಲ್ಲಿ ಡಿಸೆಂಬರ್‌ನಿಂದ ಏಪ್ರಿಲ್‌ವರೆಗೆ ಪ್ರಕರಣಗಳು ಏರುವುದಕ್ಕೂ ಈ ದಿನಚರಿಗೂ ನೇರ ಸಂಬಂಧವಿದೆ.

2018ರಲ್ಲಿ ಈ ಏರಿಕೆ ಅಲ್ಲಿಯವರೆಗಿನ ಪ್ರಮಾಣವನ್ನು ಮೀರಿತು. ಆ ವರ್ಷ ನೈಜೀರಿಯಾದಲ್ಲಿ ದೃಢಪಟ್ಟ ಪ್ರಕರಣಗಳು 633, ಅವುಗಳಲ್ಲಿ ಮರಣ 171. ವೈರಾಣು ರೂಪಾಂತರ ಹೊಂದಿ ಮನುಷ್ಯರಿಂದ ಮನುಷ್ಯರಿಗೆ ಸುಲಭವಾಗಿ ಹರಡತೊಡಗಿದೆಯೇ ಎಂಬ ಆತಂಕ ಉಂಟಾಯಿತು. ಆತಂಕ ಅಕಾರಣವಾದುದಲ್ಲ, ಪಶ್ಚಿಮ ಆಫ್ರಿಕಾದಲ್ಲಿ ಎಬೋಲಾ ಹಾವಳಿ ಮುಗಿದು ಎರಡು ವರ್ಷವಷ್ಟೇ ಆಗಿತ್ತು. ರೋಗಿಗಳ ಮಾದರಿಗಳಲ್ಲಿನ ವೈರಾಣುವಿನ ಜೀನೋಮ್ ಅನುಕ್ರಮವನ್ನು ಓದಿದಾಗ ಬೇರೆಯೇ ಚಿತ್ರ ದೊರೆಯಿತು. ಒಬ್ಬರಿಂದೊಬ್ಬರಿಗೆ ದಾಟಿದ್ದರೆ ಅವು ಒಂದೇ ಲೆಕ್ಕದ ಪುಸ್ತಕದ ಪುಟಗಳಂತೆ ಹಿಂದಿನ ಶಿಲ್ಕನ್ನು ಮುಂದುವರಿಸಿಕೊಂಡು ಬರಬೇಕಿತ್ತು. ಬಹುಪಾಲು ಅನುಕ್ರಮಗಳು ಪ್ರತ್ಯೇಕ ಪುಸ್ತಕಗಳಂತಿದ್ದವು. ಅಂದರೆ ಹೆಚ್ಚಿನ ರೋಗಿಗಳು ತಮ್ಮ ತಮ್ಮ ಊರಿನ ಇಲಿಗಳಿಂದಲೇ ಬೇರೆ ಬೇರೆಯಾಗಿ ಸೋಂಕು ಪಡೆದಿದ್ದರು. ಹೊಸ ತಳಿಯೊಂದು ದೇಶವನ್ನು ಆವರಿಸಿರಲಿಲ್ಲ.

2020, 2022 ಮತ್ತು 2023ರಲ್ಲಿ ಅಲ್ಲಿನ ದೃಢಪಟ್ಟ ಪ್ರಕರಣಗಳು ಸಾವಿರ ದಾಟಿದವು. ಪ್ರಯೋಗಾಲಯಗಳೂ ಪರೀಕ್ಷೆಗಳೂ ಹೆಚ್ಚಿರುವುದರಿಂದ ಈ ಅಂಕಿಗಳನ್ನೆಲ್ಲ ರೋಗದ ವೃದ್ಧಿಯೆಂದೇ ಎಣಿಸುವುದು ಸಮಂಜಸವಲ್ಲ.

ಹಾಗೆಂದು ವೈರಾಣು ಬದಲಾಗುವುದೇ ಇಲ್ಲವೆಂದಲ್ಲ. ಆರ್‌ಎನ್‌ಎ ವೈರಾಣುವಾದ ಇದು ನಕಲಾಗುವಾಗ ತಪ್ಪುಗಳು ಉಳಿದುಹೋಗುತ್ತವೆ. ಆ ಬದಲಾವಣೆ ಬಹುಮಟ್ಟಿಗೆ ನಡೆಯುವುದು ಇಲಿಗಳ ನಡುವೆ, ಅದೂ ಸ್ಥಳೀಯವಾಗಿ. ಇಲಿ ದೂರ ಸಂಚರಿಸುವ ಪ್ರಾಣಿಯಲ್ಲ. ದೊಡ್ಡ ನದಿಗಳು ಅದಕ್ಕೆ ಗಡಿಗಳಾಗುತ್ತವೆ. ಹೀಗಾಗಿ ಪ್ರತಿ ಪ್ರದೇಶದ ವೈರಾಣು ಪ್ರತ್ಯೇಕ ಕವಲಾಗಿ ಬೆಳೆದಿದೆ: ಮೊದಲ ಮೂರು ಕವಲುಗಳು ನೈಜೀರಿಯಾದಲ್ಲಿ, ನಾಲ್ಕನೆಯದು ಗಿನಿ, ಸಿಯೆರಾ ಲಿಯೋನ್, ಲೈಬೀರಿಯಾಗಳಲ್ಲಿ. ಸುಮಾರು ಸಾವಿರ ವರ್ಷಗಳ ಹಿಂದೆ ಇಂದಿನ ನೈಜೀರಿಯಾದ ಭಾಗದಲ್ಲಿ ಉಗಮಿಸಿ, ಕಳೆದ ಕೆಲವು ಶತಮಾನಗಳಲ್ಲಿ ಪಶ್ಚಿಮಕ್ಕೆ ಸಾಗಿತೆಂದು 2015ರಲ್ಲಿ ಪ್ರಕಟವಾದ ಅಧ್ಯಯನವು ಅಂದಾಜಿಸಿದೆ. ಕವಲುಗಳ ನಡುವಿನ ಅಂತರ ಎಷ್ಟಿದೆಯೆಂದರೆ ಜೀನೋಮಿನ ದೊಡ್ಡ ಖಂಡದಲ್ಲಿ ಶೇಕಡಾ 32ರವರೆಗೂ ವ್ಯತ್ಯಾಸ ಕಂಡುಬಂದಿದೆ. ಒಂದು ಕವಲಿಗೆಂದು ರೂಪಿಸಿದ ಪರೀಕ್ಷೆಯು ಇನ್ನೊಂದನ್ನು ಗುರುತಿಸದೆ ಬಿಡಬಹುದು. ಲಸಿಕೆ ತಯಾರಕರಿಗೂ ಇದೇ ತೊಡಕು. ಇತರ ಜಾತಿಯ ಇಲಿಗಳಲ್ಲೂ ವೈರಾಣು ಪತ್ತೆಯಾಗಿರುವುದನ್ನು 2016ರಲ್ಲಿ ವರದಿ ಮಾಡಲಾಗಿದೆ. ಸಂಖ್ಯೆಗಿಂತ ಈ ಸಂಗತಿಯೇ ಹೆಚ್ಚು ಗಮನಾರ್ಹವೆನ್ನಬಹುದು.

ಇಲಿಗಳನ್ನೇ ನಿರ್ಮೂಲ ಮಾಡಬಾರದೇಕೆಂಬ ಪ್ರಶ್ನೆ ಸಹಜ. ಗಿನಿ ದೇಶದ ಕೆಲವು ಗ್ರಾಮಗಳಲ್ಲಿ ಹಲವು ವರ್ಷ ಇಲಿಪಾಷಾಣವಿಟ್ಟು ನೋಡಲಾಗಿದೆ. ಸಂಖ್ಯೆ ಇಳಿಯಿತು, ಸುತ್ತಲಿನ ಹೊಲಗಳಿಂದ ಇಲಿಗಳು ಮರಳಿ ಬಂದವು. ಮುಚ್ಚಳವಿರುವ ಡಬ್ಬಿ, ಬಿಲವಿಲ್ಲದ ಗೋಡೆ ಇವುಗಳಿಗೆ ಪರ್ಯಾಯ ದೊರೆತಿಲ್ಲ.

ಮನುಷ್ಯರ ನಡುವಿನ ಪ್ರಸಾರ ವಿರಳವಾದರೂ ಆಸ್ಪತ್ರೆಯಲ್ಲಿ ಅಪಾಯವಿದೆ. ರೋಗಿಯ ರಕ್ತ ಮತ್ತಿತರ ದೇಹದ್ರವಗಳ ಮೂಲಕ ಸೋಂಕು ದಾಟುತ್ತದೆ. 2016ರಲ್ಲಿ ಟೋಗೋದಿಂದ ಜರ್ಮನಿಯ ಕಲೋನ್‌ಗೆ ಕರೆತಂದ ರೋಗಿ ಮರಣಿಸಿದ ನಂತರ, ಶವವನ್ನು ಸಜ್ಜುಗೊಳಿಸಿದ ವ್ಯಕ್ತಿಗೂ ಸೋಂಕು ತಗುಲಿತು. 2024ರ ಅಕ್ಟೋಬರ್‌ನಲ್ಲಿ ಲೈಬೀರಿಯಾದಿಂದ ಅಮೆರಿಕದ ಅಯೋವಾಕ್ಕೆ ಮರಳಿದ ಪ್ರಯಾಣಿಕರೊಬ್ಬರು ಇದೇ ಜ್ವರದಿಂದ ಮೃತಪಟ್ಟರು.

ನಮ್ಮಲ್ಲಿ ‘ಇಲಿಜ್ವರ’ ಎಂದು ಕರೆಯುವ ಲೆಪ್ಟೊಸ್ಪೈರೋಸಿಸ್ ಬೇರೆಯೇ ಕಾಯಿಲೆ. ಅದು ಬ್ಯಾಕ್ಟೀರಿಯಾದಿಂದ ಬರುವಂಥದು, ಪ್ರತಿಜೀವಕ ಔಷಧಗಳಿಗೆ ಬಗ್ಗುತ್ತದೆ. ಲಾಸ್ಸಾಕ್ಕೆ ಆ ಔಷಧಗಳು ನಾಟುವುದಿಲ್ಲ. ಹೆಸರಿನ ಹೋಲಿಕೆಯಿಂದ ಗೊಂದಲಕ್ಕೆ ಒಳಗಾಗಬಾರದಾಗಿ ಕೋರಲಾಗಿದೆ.

ಸೋಂಕು ತಗುಲಿದವರಲ್ಲಿ ಸುಮಾರು ಶೇಕಡಾ 80ರಷ್ಟು ಮಂದಿಗೆ ಲಕ್ಷಣಗಳು ಸೌಮ್ಯವಾಗಿರುತ್ತವೆ ಅಥವಾ ಕಾಣುವುದೇ ಇಲ್ಲ. ಆಸ್ಪತ್ರೆಗೆ ದಾಖಲಾಗುವಷ್ಟು ತೀವ್ರವಾದವರಲ್ಲಿ ಮರಣ ಪ್ರಮಾಣ ಶೇಕಡಾ 15ರ ಸುಮಾರು. ಬದುಕುಳಿದ ಕೆಲವರಿಗೆ ಕಿವುಡುತನ ಉಳಿಯುತ್ತದೆ. ಆರಂಭದಲ್ಲಿ ಮಲೇರಿಯಾದಂತೆಯೇ ತೋರುವುದರಿಂದ ಪತ್ತೆ ತಡವಾಗುತ್ತದೆ. ಲಕ್ಷಣಗಳು 2ರಿಂದ 21 ದಿನಗಳೊಳಗೆ ಕಾಣಿಸಿಕೊಳ್ಳುತ್ತವೆ. ಆದಕಾರಣ ಸದರಿ ದೇಶಗಳಿಂದ ಮರಳಿದ 21 ದಿನಗಳೊಳಗೆ ಜ್ವರ ಬಂದಲ್ಲಿ, ಆಸ್ಪತ್ರೆಗೆ ಹೋಗುವ ಮುನ್ನವೇ ದೂರವಾಣಿ ಮೂಲಕ ತಿಳಿಸಿ, ತಂಗಿದ್ದ ದೇಶ, ಊರು, ಹೊರಟ ದಿನಾಂಕ ಹಾಗೂ ಇಲಿಗಳಿದ್ದ ಮನೆಯಲ್ಲಿ ವಾಸವಿದ್ದಿರೇ ಎಂಬ ವಿವರಗಳನ್ನು ವೈದ್ಯರಿಗೆ ತಾವೇ ಮುಂದಾಗಿ ಒದಗಿಸತಕ್ಕದ್ದು.