ಬಿ.ಎಡ್‌ಗೆ ದುಡ್ಡು ಕಟ್ಟುವ ಮುನ್ನ ಒಂದು ಲೆಕ್ಕ

ಮಕ್ಕಳು ಸ್ಕೂಲ್ ವ್ಯಾನ್ ಹತ್ತಿ ಹೋಗೋಕೆ ಶುರುವಾದ ಮೇಲೆ ನಮ್ಮಲ್ಲಿ ಬಹಳ ಮಂದಿಗೆ ಈ ಯೋಚನೆ ಬಂದೇ ಬರುತ್ತದೆ. ‘ಹೇಗೂ ಡಿಗ್ರಿ ಆಗಿದೆ, ಒಂದು ಬಿ.ಎಡ್ ಮಾಡ್ಕೊಂಡ್ರೆ ಹೇಗೆ?’ ಮನೆಯವರೂ ತಲೆಯಾಡಿಸುತ್ತಾರೆ. ಟೀಚರ್ ಕೆಲಸ ಹೆಂಗಸರಿಗೆ ಹೇಳಿ ಮಾಡಿಸಿದ್ದು, ಮಕ್ಕಳಿಗೆ ರಜೆ ಇದ್ದಾಗ ತಾಯಿಗೂ ರಜೆ, ಸಂಜೆ ದೀಪ ಹಚ್ಚುವ ಹೊತ್ತಿಗೆ ಮನೆ. ಎಲ್ಲ ಸರಿ. ಆದರೆ ಒಂದು ಪ್ರಶ್ನೆಯನ್ನು ಮಾತ್ರ ಯಾರೂ ಎತ್ತುವುದಿಲ್ಲ. ಖರ್ಚೆಷ್ಟು, ಕೈಗೆ ಬರೋದೆಷ್ಟು?

ಮಗ ಇಂಜಿನಿಯರಿಂಗ್ ಸೇರುವಾಗ ಮನೆಮಂದಿಯೆಲ್ಲ ಕೂತು ಲೆಕ್ಕ ಹಾಕುತ್ತಾರೆ. ಸೊಸೆ ಬಿ.ಎಡ್ ಸೇರ್ತೀನಿ ಅಂದರೆ ‘ಮನೇಲಿ ಸುಮ್ನೆ ಇರೋ ಬದಲು ಏನೋ ಒಂದು ಮಾಡ್ಲಿ ಬಿಡಿ’ ಅನ್ನುತ್ತಾರೆ. ನಮ್ಮ ಸಮಯಕ್ಕೆ ಬೆಲೆಯೇ ಇಲ್ಲ ಅನ್ನುವ ಮಾತಲ್ಲವೇ ಇದು? ಆ ಬೆಲೆಯನ್ನು ಮೊದಲು ನಾವೇ ಕಟ್ಟಬೇಕು.

ಬಿ.ಎಡ್ ಈಗ ಒಂದು ವರ್ಷದ ಕೋರ್ಸ್ ಅಲ್ಲ ಅನ್ನೋದು ನೆನಪಿರಲಿ. 2015ರಿಂದ ಅದು ಎರಡು ವರ್ಷ. ಎನ್‌ಸಿಟಿಇ ನಿಯಮದ ಪ್ರಕಾರ ತರಗತಿಗೆ ಶೇ 80, ಶಾಲಾ ಇಂಟರ್ನ್‌ಶಿಪ್‌ಗೆ ಶೇ 90 ಹಾಜರಾತಿ ಬೇಕು. ಶಾಲೆಗಳಲ್ಲಿ ಕಳೆಯಬೇಕಾದ ಅವಧಿಯೇ ಒಟ್ಟು 20 ವಾರ. ‘ಮನೆಯಲ್ಲೇ ಕೂತು ಬಿ.ಎಡ್ ಮಾಡಿ’ ಎಂಬ ಜಾಹೀರಾತು ಕಂಡರೆ ಹುಷಾರಾಗಿರಿ. ದೂರಶಿಕ್ಷಣದ ಬಿ.ಎಡ್ ಇರುವುದು ಈಗಾಗಲೇ ಶಿಕ್ಷಕ ತರಬೇತಿ ಪಡೆದವರಿಗೆ, ಮೊದಲ ಬಾರಿ ಸೇರುವ ಗೃಹಿಣಿಯರಿಗಲ್ಲ.

ಇನ್ನು ದುಡ್ಡಿನ ಮಾತು. ಶುಲ್ಕ ಕಾಲೇಜಿನಿಂದ ಕಾಲೇಜಿಗೆ ಬೇರೆ. ಸರಕಾರಿ ಕೋಟಾದ ಸೀಟಿಗೂ ಮ್ಯಾನೇಜ್‌ಮೆಂಟ್ ಸೀಟಿಗೂ ಅಜಗಜಾಂತರ. ಲೆಕ್ಕಕ್ಕೆಂದು ಒಂದು ಉದಾಹರಣೆ ಇಟ್ಟುಕೊಳ್ಳೋಣ. ಎರಡು ವರ್ಷಕ್ಕೆ ಮ್ಯಾನೇಜ್‌ಮೆಂಟ್ ಸೀಟಿನ ಶುಲ್ಕ 1,20,000 ರೂಪಾಯಿ. ಬಸ್ಸು, ರೆಕಾರ್ಡ್, ಚಾರ್ಟು, ಯೂನಿಫಾರ್ಮ್ ಸೀರೆ ಅಂತ 30,000. ನೀವಿಲ್ಲದ ಹೊತ್ತು ಮಗುವನ್ನು ನೋಡಿಕೊಳ್ಳುವವರಿಗೆ ತಿಂಗಳಿಗೆ 2,000ದಂತೆ 20 ತಿಂಗಳಿಗೆ 40,000. ಸಂಜೆ ಮನೆಪಾಠದಿಂದ ಬರುತ್ತಿದ್ದ 3,000 ನಿಂತುಹೋದರೆ ಅದೂ 60,000. ಒಟ್ಟು 2,50,000. ಶುಲ್ಕ ಇದರಲ್ಲಿ ಅರ್ಧದಷ್ಟೂ ಇಲ್ಲ ನೋಡಿ! ಉಳಿದದ್ದೆಲ್ಲ ಯಾರ ಕಣ್ಣಿಗೂ ಬೀಳದ ಖರ್ಚು.

ಆದಾಯದ ಕಡೆ ಬನ್ನಿ. ಬಿ.ಎಡ್ ಮುಗಿಸಿದ ಬಹಳ ಮಂದಿ ಮೊದಲು ಕಾಲಿಡುವುದು ಖಾಸಗಿ ಶಾಲೆಗೆ, ಇಲ್ಲವೇ ಸರಕಾರಿ ಶಾಲೆಯ ಅತಿಥಿ ಶಿಕ್ಷಕಿಯಾಗಿ. 2025ರ ರಾಜ್ಯ ಬಜೆಟ್‌ನಲ್ಲಿ 2,000 ರೂಪಾಯಿ ಏರಿಸಿದ ಮೇಲೆ ಪ್ರೌಢಶಾಲೆಯ ಅತಿಥಿ ಶಿಕ್ಷಕರ ಗೌರವಧನ ತಿಂಗಳಿಗೆ 12,500 ಆಯಿತು. ಬೇಸಿಗೆ ರಜೆಗೆ ಅದು ಇಲ್ಲ. ಹತ್ತು ತಿಂಗಳು ಅಂತ ಹಿಡಿದರೆ 1,25,000. ಅದರಲ್ಲಿ ಓಡಾಟಕ್ಕೆ, ಮಗು ನೋಡಿಕೊಳ್ಳುವವರಿಗೆ ತಿಂಗಳಿಗೆ 3,500 ಕಳೆದರೆ ವರ್ಷಕ್ಕೆ ಉಳಿಯುವುದು 90,000. ಅಂದರೆ ಹಾಕಿದ ದುಡ್ಡು ತಿರುಗಿ ಬರಲು ಹತ್ತಿರ ಹತ್ತಿರ ಮೂರು ವರ್ಷ. ಅದೇ ಶುಲ್ಕ 40,000ದಲ್ಲಿ ಮುಗಿಯುವ ಸೀಟು ಸಿಕ್ಕಿದರೆ ಎರಡು ವರ್ಷದೊಳಗೆ ತೀರುತ್ತದೆ. ಇವು ನನ್ನ ಅಂಕಿಗಳು. ನಿಮ್ಮ ಅಂಕಿಗಳನ್ನು ನೀವೇ ಬರೆದುಕೊಳ್ಳಿ.

‘ಸರಕಾರಿ ಕೆಲಸ ಸಿಕ್ಕರೆ?’ ಅಂತೀರಾ. ಸಿಕ್ಕರೆ ಲೆಕ್ಕವೇ ಬೇರೆ, ನಿಜ. ಆದರೆ ಆ ‘ರೆ’ ದೊಡ್ಡದು. 2022ರಲ್ಲಿ 6ರಿಂದ 8ನೇ ತರಗತಿಗೆ 15,000 ಹುದ್ದೆಗಳಿಗೆ ಅರ್ಜಿ ಕರೆದಿದ್ದರು. ಅಂಥ ಅವಕಾಶ ವರ್ಷ ವರ್ಷ ಬರುವುದಿಲ್ಲ. 6ರಿಂದ 8ನೇ ತರಗತಿಯ ಹುದ್ದೆಗೆ ಬಿ.ಎಡ್ ಜೊತೆ ಟಿಇಟಿ ಪಾಸಾಗಬೇಕು. ಸಾಮಾನ್ಯ ವರ್ಗದವರಿಗೆ 150ಕ್ಕೆ 90 ಅಂಕ. ಆಮೇಲೆ ನೇಮಕಾತಿ ಪರೀಕ್ಷೆ. ಟಿಇಟಿ ಪ್ರಮಾಣಪತ್ರ 2021ರ ತೀರ್ಮಾನದಂತೆ ಜೀವನಪೂರ್ತಿ ನಡೆಯುತ್ತದೆ ಅನ್ನೋದು ಒಂದು ಸಮಾಧಾನ. ಆದರೆ ನೇಮಕಾತಿಗೆ ವಯೋಮಿತಿ ಇದೆ. ಮೂವತ್ತೈದು ದಾಟಿದವರು ಅದನ್ನು ಮೊದಲೇ ನೋಡಿಕೊಳ್ಳಬೇಕು.

ಇನ್ನೂ ಒಂದು ಮಾತು. ‘ನಂಗೆ ಪುಟ್ಟ ಮಕ್ಕಳಿಗೆ ಕಲಿಸೋದು ಇಷ್ಟ’ ಅಂತ ಬಿ.ಎಡ್ ಸೇರಲು ಹೊರಟವರು ಸ್ವಲ್ಪ ನಿಲ್ಲಿ. ಒಂದರಿಂದ ಐದನೇ ತರಗತಿಯ ಶಿಕ್ಷಕರಾಗಲು ಬಿ.ಎಡ್ ಅರ್ಹತೆಯಲ್ಲ ಎಂದು 2023ರ ಆಗಸ್ಟ್‌ನಲ್ಲಿ ಸುಪ್ರೀಂ ಕೋರ್ಟ್ ಹೇಳಿದೆ. ಅದಕ್ಕೆ ಬೇಕಾದದ್ದು ಡಿ.ಎಲ್.ಎಡ್. ಯಾವ ತರಗತಿಗೆ ಕಲಿಸಬೇಕು ಅನ್ನೋದು ಮೊದಲು, ಕೋರ್ಸ್ ಆಮೇಲೆ.

ಹಾಗಾದರೆ ಬಿ.ಎಡ್ ಬೇಡವೇ? ಖಂಡಿತ ಬೇಡ ಅನ್ನುತ್ತಿಲ್ಲ. ಕಲಿಸುವ ಆಸೆ ಇದ್ದು, ಸರಕಾರಿ ಕೋಟಾದ ಸೀಟು ಸಿಕ್ಕಿ, ಮನೆಯವರ ಕೈಯಾಸರೆಯೂ ಇದ್ದರೆ ಧೈರ್ಯವಾಗಿ ಸೇರಿ. ಆದರೆ ಬಳೆ ಅಡವಿಟ್ಟೋ ಸಾಲ ಮಾಡಿಯೋ ಮ್ಯಾನೇಜ್‌ಮೆಂಟ್ ಸೀಟು ಹಿಡಿಯಬೇಡಿ ಅನ್ನುವುದೇ ನನ್ನ ಅಭಿಪ್ರಾಯ. ಮೊದಲ ವರ್ಷಗಳ ಸಂಬಳದಲ್ಲಿ ಬಡ್ಡಿ ಕಟ್ಟಿ ಉಳಿಸುವುದು ಕಷ್ಟ. ಸೇರುವ ಮುನ್ನ ನಿಮ್ಮ ಬಡಾವಣೆಯ ಎರಡು ಮೂರು ಶಾಲೆಗಳಿಗೆ ಹೋಗಿ, ಹೊಸ ಟೀಚರಿಗೆ ಎಷ್ಟು ಕೊಡ್ತೀರಿ, ರಜೆಯ ತಿಂಗಳಿಗೆ ಸಂಬಳ ಇದೆಯೇ, ಪಿ.ಎಫ್ ಕಟ್ಟುತ್ತೀರಾ ಅಂತ ಕೇಳಿ. ಕೇಳೋಕೆ ಸಂಕೋಚ ಯಾಕೆ? ಗಂಡಸರು ಕೆಲಸಕ್ಕೆ ಹೋಗುವಾಗ ಕೇಳುವುದು ಇದನ್ನೇ ತಾನೇ?

ಸಂಬಳ ಎಷ್ಟು ಅಂತ ಕೇಳದೆ ಒಪ್ಪಿಕೊಳ್ಳುವ ಹೆಂಗಸರು ಸಾಲುಗಟ್ಟಿ ನಿಂತಿರುವವರೆಗೆ ಕಡಿಮೆ ಕೊಡುವವರು ಕಡಿಮೆಯೇ ಕೊಡುತ್ತಾರೆ. ‘ಕೈಖರ್ಚಿಗಾದರೆ ಸಾಕು’ ಅನ್ನುವ ಮಾತನ್ನು ಮೊದಲು ನಾವು ಬಿಡೋಣ. ಇವತ್ತೇ ರಾತ್ರಿ ಊಟವಾದ ಮೇಲೆ ಒಂದು ಹಾಳೆ ತಗೊಂಡು ಗಂಡನ ಜೊತೆ ಕೂತು ಈ ಲೆಕ್ಕ ಬರೆಯಿರಿ. ನಿಮ್ಮ ಎರಡು ವರ್ಷವನ್ನೂ ಅದರಲ್ಲಿ ಖರ್ಚು ಅಂತಲೇ ಬರೆಯಿರಿ.