ಕಾರಿನ ಸಂಗೀತವೂ ಅರ್ತ್ ತಂತಿಯೂ

ಕಳೆದ ತಿಂಗಳು ನಮ್ಮ ಅಳಿಯಂದಿರು ತಮ್ಮ ಕಾರಿನಲ್ಲಿ ದೊಡ್ಡದೊಂದು ಆಂಪ್ಲಿಫೈಯರನ್ನು ಕೂಡಿಸಿಕೊಂಡು ಬಂದರು. ನಾದವೇನೋ ಗಂಭೀರವಾಗಿದ್ದಿತು; ಆದರೆ ಹಾಡಿನ ಹಿಂದೆ ಜೀರುಂಡೆಯದರಂತೆ ಒಂದು ಕೀರುದನಿ. ಎಂಜಿನ್ನಿನ ವೇಗವೇರಿದಂತೆ ಅದರ ಶ್ರುತಿಯೂ ಏರುತ್ತಿದ್ದಿತು. ಅದನ್ನು ಸಹಿಸಬಹುದಾಗಿತ್ತು. ಹಿಂದಿನ ಸೀಟಿನಲ್ಲಿ ನಿದ್ರಿಸುತ್ತಿದ್ದ ಮೊಮ್ಮಗಳ ಚಪ್ಪಲಿಯನ್ನೆತ್ತಿಕೊಳ್ಳಲು ಬಗ್ಗಿದಾಗ, ಕಾಲಡಿಯ ಹಾಸು ಒಂದೆಡೆಯಲ್ಲಿ ಬಿಸಿಯಾಗಿದ್ದುದು ಕೈಗೆ ತಿಳಿಯಿತು, ಇದನ್ನು ಸಹಿಸುವಂತಿರಲಿಲ್ಲ.

ನಮ್ಮ ಹಳೆಯ ಶಿಷ್ಯನೊಬ್ಬನು ಮೋಟಾರಿನ ವಿದ್ಯುತ್ ಕೆಲಸದಲ್ಲಿ ನುರಿತವನು. ಅವನು ಬಂದು ಹಾಸನ್ನೆತ್ತಿ ನೋಡಲಾಗಿ, ಆಂಪ್ಲಿಫೈಯರಿನ ಅರ್ತ್ ತಂತಿಯನ್ನು ಬಣ್ಣ ಬಳಿದ ತಗಡಿನ ಮೇಲೆಯೇ ತಿರುಪು ಹಾಕಿ ಬಿಗಿದಿದ್ದರು. ಸುತ್ತಲೂ ಹಾಸು ಕಂದಿದ್ದಿತು.

ಅರ್ತ್ ಎಂಬ ಹೆಸರೇ ಗೃಹಸ್ಥರನ್ನು ಮೋಸಗೊಳಿಸುವುದು. ರಬ್ಬರಿನ ಚಕ್ರಗಳ ಮೇಲೆ ನಿಂತ ಕಾರಿಗೆ ಭೂಮಿಯ ಸಂಬಂಧವೆಲ್ಲಿಯದು? ಮಂಡಪವೆಂಬುದಕ್ಕೆ ಗಂಜಿ ಕುಡಿಯುವವನೆಂದು ಅವಯವಾರ್ಥ ಬಂದರೂ ನಾವು ಅದರ ಕೆಳಗೆ ಮದುವೆ ಮಾಡುವುದಿಲ್ಲವೆ? ಇದೂ ಅಂಥದೇ ರೂಢಿ. ಮನೆಯಲ್ಲಿ ಅರ್ತ್ ತಂತಿಯು ಆಪತ್ಕಾಲಕ್ಕೆ ಮಾತ್ರ. ಎಲ್ಲವೂ ಸರಿಯಿರುವಾಗ ಅದರಲ್ಲಿ ವಿದ್ಯುತ್ತು ಹರಿಯುವುದೇ ಇಲ್ಲವೆನ್ನಬಹುದು. ಕಾರಿನಲ್ಲಿ ಹಾಗಲ್ಲ. ಬ್ಯಾಟರಿಯ ಋಣಾಗ್ರವನ್ನು ಕಾರಿನ ಲೋಹದೇಹಕ್ಕೆ ಕಟ್ಟಿರುವುದರಿಂದ ಆ ದೇಹವೇ ಹಿಂದಿರುಗುವ ದಾರಿ. ಕೆಂಪು ತಂತಿಯಲ್ಲಿ ಹೋದ ವಿದ್ಯುತ್ತೆಲ್ಲವೂ ಈ ಕಪ್ಪು ತಂತಿಯಿಂದಲೇ ಮರಳತಕ್ಕದ್ದು.

ಲೆಕ್ಕ ನೋಡಿರಿ. ದೊಡ್ಡ ಆಂಪ್ಲಿಫೈಯರು ಜೋರಾಗಿ ನುಡಿಯುವಾಗ 50 ಆಂಪಿಯರ್ ಎಳೆಯುವುದುಂಟು. ಬಣ್ಣವೋ ತುಕ್ಕೋ ಅಡ್ಡವಾಗಿ ಜೋಡಣೆಯಲ್ಲಿ 0.02 ಓಮ್ ತಡೆ ಉಳಿದರೆ ಸಾಕು, ಅಲ್ಲಿ 1 ವೋಲ್ಟು ನಷ್ಟವಾಗಿ 50 ವಾಟ್ ಶಾಖ ಹುಟ್ಟುವುದು. ರೇಡಿಯೋ ರಿಪೇರಿಯವರು ಬೆಸುಗೆಗೆ ಹಿಡಿಯುವ ಸಾಮಾನ್ಯ ಕಡ್ಡಿಯೇ 25 ವಾಟಿನದು! “ಫ್ಯೂಸ್ ಇದೆಯಲ್ಲಾ ಮಾವ,” ಎಂದರು ಅಳಿಯಂದಿರು. ಫ್ಯೂಸು ಮಿತಿಮೀರಿದ ಪ್ರವಾಹವನ್ನು ಮಾತ್ರ ಅರಿಯುವುದು. ಕೆಟ್ಟ ಜೋಡಣೆಯು ಪ್ರವಾಹವನ್ನು ಫ್ಯೂಸು ಕರಗುವಷ್ಟು ಹೆಚ್ಚಿಸುವುದಿಲ್ಲ. ಆದುದರಿಂದ ಹಾಸು ಸುಟ್ಟರೂ ಫ್ಯೂಸು ಸುಡದು. ಹಾಗೆಂದು ಅದನ್ನು ಬಿಡುವಂತಿಲ್ಲ. ಕೆಂಪು ತಂತಿಯು ಸವೆದು ದೇಹಕ್ಕೆ ತಗುಲಿದಾಗ ಕಾಯುವುದು ಬ್ಯಾಟರಿಯಿಂದ ಒಂದೂವರೆ ಅಡಿಯೊಳಗಿನ ಆ ಫ್ಯೂಸೇ.

ಕೀರುದನಿಗೂ ಮೂಲ ಇಲ್ಲಿಯೇ ಇದ್ದಿತು. ಆಲ್ಟರ್ನೇಟರಿನ ವಿದ್ಯುತ್ತಿನಲ್ಲಿ ಸಣ್ಣ ತರಂಗಗಳಿರುವುವು. ಮುಂದಿನ ಸ್ಟೀರಿಯೋ ಒಂದೆಡೆ, ಆಂಪ್ಲಿಫೈಯರು ಇನ್ನೊಂದೆಡೆ ದೇಹಕ್ಕೆ ಸೇರಿ, ಎರಡೆಡೆಗಳ ವೋಲ್ಟೇಜು ಸಮವಾಗಿರದಿದ್ದರೆ, ಆ ತರಂಗವು ಹಾಡನ್ನೊಯ್ಯುವ ತಂತಿಯ ಕವಚದಲ್ಲಿ ಹಾದು ಹಾಡಿನೊಡನೆ ಬೆರೆಯುವುದು. ಇದಕ್ಕೆ ಫಿಲ್ಟರ್ ಕೊಳ್ಳಿರೆಂದು ಅಂಗಡಿಯವರು ಹೇಳಿದ್ದರಂತೆ. ರೋಗವನ್ನು ಬಿಟ್ಟು ಕೆಮ್ಮಿಗೆ ಮದ್ದು.

ಶಿಷ್ಯನು ಮೊದಲು ಬ್ಯಾಟರಿಯ ಋಣಾಗ್ರವನ್ನು ಬಿಚ್ಚಿದನು. ತೂತು ಕೊರೆಯುವ ಮುನ್ನ ಕಾರಿನಡಿಗೆ ತೂರಿ, ಪೆಟ್ರೋಲ್ ಟ್ಯಾಂಕಾಗಲಿ ಬ್ರೇಕಿನ ಕೊಳವೆಯಾಗಲಿ ಅಲ್ಲಿಲ್ಲವೆಂದು ನೋಡಿಕೊಂಡನು. ಸೀಟುಬೆಲ್ಟಿನ ಬೋಲ್ಟು ಹತ್ತಿರವೇ ಇದ್ದರೂ ಮುಟ್ಟಲಿಲ್ಲ, ಅದು ಪ್ರಾಣರಕ್ಷಣೆಯದು. ರೂಪಾಯಿಯಗಲ ಬಣ್ಣವನ್ನು ಲೋಹ ಹೊಳೆಯುವವರೆಗೆ ಉಜ್ಜಿ, ಕೆಂಪು ತಂತಿಯಷ್ಟೇ ದಪ್ಪನೆಯ, ಒಂದೂವರೆ ಅಡಿ ಮೀರದ ಕಪ್ಪು ತಂತಿಯ ತುದಿಗೆ ತಾಮ್ರದ ಉಂಗುರವನ್ನೊತ್ತಿ, ಹಲ್ಲಿನ ವಾಷರಿಟ್ಟು ಬಿಗಿದನು. ತುಕ್ಕು ಹಿಡಿಯದಂತೆ ಮೇಲೆ ಬಣ್ಣ. ಬ್ಯಾಟರಿಯಿಂದ ದೇಹಕ್ಕೆ ಬರುವ ಮೂಲ ತಂತಿಯನ್ನೂ ದಪ್ಪನೆಯದಕ್ಕೆ ಬದಲಿಸಿದನು. ಇದನ್ನು ಬಹುಮಂದಿ ಮರೆಯುವರು.

ಕಡೆಗೆ ಹಾಡನ್ನು ಜೋರಾಗಿ ಹಾಕಿಸಿ, ಆಂಪ್ಲಿಫೈಯರಿನ ಋಣಾಗ್ರಕ್ಕೂ ಬ್ಯಾಟರಿಯ ಋಣಾಗ್ರಕ್ಕೂ ನಡುವೆ ಮೀಟರಿಟ್ಟನು. ಅರ್ಧ ವೋಲ್ಟಿಗೆ ಮೇಲಿದ್ದರೆ ಮತ್ತೆ ಬಿಚ್ಚಬೇಕೆಂದನು. ಮೀಟರು 0.1 ತೋರಿಸಿತು. ಕೀರುದನಿಯೂ ನಿಂತಿದ್ದಿತು. ಕಂದಿದ ಹಾಸಿನ ತುಂಡನ್ನು ಅಳಿಯಂದಿರು ಎಸೆಯಹೋದರು. ನಾವು ಅದನ್ನು ಇಸಿದುಕೊಂಡು, ಆ ಅಂಗಡಿಯವರಿಗೆ ತೋರಿಸಲೆಂದು ಇಟ್ಟಿದ್ದೇವೆ.