ಮಕ್ಕಳೊಡನೆ ರಾಣಿಪುರದ ಕಾಡುಹಾದಿ

ಸುವರ್ಣ ಮಹೋತ್ಸವದ ಈ ಸ್ಮರಣ ಸಂಚಿಕೆಗೆ ಶಾಲೆಯ ಗತಕಾಲವನ್ನು ಕುರಿತು ಬರೆದುಕೊಡಬೇಕೆಂದು ಸಂಪಾದಕ ಮಂಡಳಿಯವರು ಕೇಳಿಕೊಂಡಿದ್ದರು. ಆ ಕಾರ್ಯವನ್ನು ನನಗಿಂತ ಸಮರ್ಥರು ನೆರವೇರಿಸುವರೆಂದು ನಂಬಿ ನಾನು ಬೇರೊಂದು ವಿಷಯವನ್ನು ಆರಿಸಿಕೊಂಡಿದ್ದೇನೆ. ಬೆಂಗಳೂರು, ಮುಂಬಯಿ, ಕೊಲ್ಲಿ ರಾಷ್ಟ್ರಗಳಿಂದ ಮಕ್ಕಳು ಮರಿಗಳೊಡನೆ ಊರಿಗೆ ಬರುವ ಹಳೆವಿದ್ಯಾರ್ಥಿಗಳು ಒಂದು ದಿನದ ಮಟ್ಟಿಗೆ ಎಲ್ಲಾದರೂ ಹೋಗಿಬರೋಣವೆಂದು ಯೋಚಿಸುವುದು ಸಹಜ. ಆ ಒಂದು ದಿನವನ್ನು ನಮ್ಮದೇ ಜಿಲ್ಲೆಯ ಕಾಡಿನಲ್ಲಿ, ಕಾಲ್ನಡಿಗೆಯಲ್ಲಿ, ಮನೆಯ ಹಿರಿಯರನ್ನೂ ಜತೆಗೂಡಿಸಿಕೊಂಡು ಕಳೆಯಬೇಕೆಂಬುದು ನನ್ನ ಆಗ್ರಹ. ಕೊನೆಯ ಮಾತೇ ಮುಖ್ಯವಾದುದು.

ಇದಕ್ಕೆ ರಾಣಿಪುರ ತಕ್ಕ ಸ್ಥಳ. ಕಾಞಂಗಾಡಿನಿಂದ ಪಾಣತ್ತೂರು ದಾರಿಯಾಗಿ ಹೋದರೆ ಸುಮಾರು 48 ಕಿಲೋಮೀಟರ್. ಮಾಡತ್ತುಮಲೆ ಎಂಬುದು ಅದರ ಹಿಂದಿನ ಹೆಸರು. ಹೆಸರುಗಳು ಬದಲಾಗುವುದು ಗಡಿನಾಡಿನ ನಮಗೆ ಹೊಸದಲ್ಲವಷ್ಟೆ! ಅರಣ್ಯ ಇಲಾಖೆಯ ಕಟ್ಟೆಯಲ್ಲಿ ಚೀಟಿ ಪಡೆದು ಒಳಹೊಕ್ಕರೆ ಮೊದಲು ದಟ್ಟ ನೆರಳಿನ ಕಾಡು, ಬಳಿಕ ಬಯಲಾದ ಹುಲ್ಲುಗಾವಲು. ತುದಿಯವರೆಗೆ ಎರಡೂವರೆ ಕಿಲೋಮೀಟರಿನಷ್ಟು ಹಾದಿ. ತುದಿಯ ಎತ್ತರ ಸಮುದ್ರಮಟ್ಟದಿಂದ ಸುಮಾರು 1,000 ಮೀಟರ್. ಅದರಾಚೆಗೆ ಕೊಡಗಿನ ತಲಕಾವೇರಿ ವನ್ಯಧಾಮದ ಬೆಟ್ಟಗಳು. ನೀರು ನಿಲ್ಲುವ ಕಣಿವೆಯ ಮಡಿಲಲ್ಲಿ ಮರಗಳು, ಗಾಳಿ ಬಡಿಯುವ ನೆತ್ತಿಯಲ್ಲಿ ಹುಲ್ಲು ಎಂಬ ಈ ವ್ಯವಸ್ಥೆಗೆ ಶೋಲಾ ಎನ್ನುತ್ತಾರೆ. ಮಳೆಯ ನೀರನ್ನು ತರಗೆಲೆಯ ಮೆತ್ತೆಯಲ್ಲಿ ಹೀರಿಟ್ಟುಕೊಂಡು ಬೇಸಗೆಯವರೆಗೂ ತೊರೆಗಳಿಗೆ ತೊಟ್ಟು ತೊಟ್ಟಾಗಿ ಬಿಟ್ಟುಕೊಡುವುದು ಇಂತಹ ಕಾಡಿನ ಕೆಲಸ. ಮರದ ಬುಡದಲ್ಲಿ ಒಂದು ಹಿಡಿ ತರಗೆಲೆಯನ್ನು ಎತ್ತಿ ಕೆಳಗಿನ ತೇವವನ್ನು ಮಗುವಿಗೆ ಮುಟ್ಟಿ ತೋರಿಸಿದರೆ ಸಾಕು, ಪಾಠಪುಸ್ತಕದ ನಾಲ್ಕು ಪುಟಗಳು ಅಲ್ಲಿಯೇ ಮುಗಿಯುತ್ತವೆ.

ಆದರೆ ನಮ್ಮವರು ಹೊರಡುವ ಕ್ರಮವೇ ಬೇರೆ. ತುದಿಯನ್ನು ಮುಟ್ಟಲೇಬೇಕೆಂದು ಹಟ ತೊಡುತ್ತಾರೆ. ಅಜ್ಜ ಅಜ್ಜಿಯರನ್ನು ಕಾರಿನಲ್ಲಿಯೇ ಚೀಲಗಳ ಕಾವಲಿಗೆ ಕುಳ್ಳಿರಿಸಿ, ಅಳುವ ಮಗುವನ್ನು ಹೆಗಲಿಗೇರಿಸಿ, ಏದುಸಿರು ಬಿಡುತ್ತಾ ಮೇಲೇರಿ, ಭಾವಚಿತ್ರ ತೆಗೆದು ಇಳಿದುಬರುತ್ತಾರೆ. ಇದು ನನಗೆ ಸರಿಕಾಣುವುದಿಲ್ಲ. ತಂಡದಲ್ಲಿ ಅತ್ಯಂತ ನಿಧಾನವಾಗಿ ನಡೆಯುವವರು ಯಾರೋ ಅವರ ಹೆಜ್ಜೆಯೇ ಎಲ್ಲರ ಹೆಜ್ಜೆಯಾಗಬೇಕು. ದೊಡ್ಡವರಿಗೆ ಒಂದು ಗಂಟೆ ಬೇಕಾಗುವಲ್ಲಿ ಎರಡು ಗಂಟೆಯನ್ನು ಎಣಿಸಬೇಕು. ಎಷ್ಟು ಹೊತ್ತಿಗೆ ಹಿಂದಿರುಗಬೇಕೆಂಬುದನ್ನು ಹೊರಡುವ ಮೊದಲೇ ನಿಶ್ಚಯಿಸಿ, ಆ ಹೊತ್ತಾದಾಗ ಎಲ್ಲಿದ್ದರೆ ಅಲ್ಲಿಂದಲೇ ತಿರುಗಬೇಕು. ಏರು ಕಷ್ಟವಾಗುವವರೊಡನೆ ನೆರಳಿನ ಕಾಡಿನಲ್ಲಿ ಕಾಲು ಹಾದಿಯಷ್ಟೇ ನಡೆದರೂ ಕೊರತೆಯಿಲ್ಲ. ಕಾಡಿನ ಸಂಪತ್ತು ಇರುವುದೇ ಆ ಭಾಗದಲ್ಲಿ.

ಋತುವಿನ ವಿಚಾರದಲ್ಲಿ ಮಾತ್ರ ಉದಾಸೀನ ಸಲ್ಲದು. ಮಳೆಗಾಲದಲ್ಲಿ ಜಿಗಣೆಗಳ ಕಾಟ, ಜಾರುವ ಕಲ್ಲು. ಅಕ್ಟೋಬರ್, ನವೆಂಬರ್ ತಿಂಗಳುಗಳಲ್ಲಿ ಬೆಳಗ್ಗೆ ತಿಳಿಯಾಗಿದ್ದ ಆಕಾಶ ಮಧ್ಯಾಹ್ನದ ಮೇಲೆ ಗುಡುಗು ಸಿಡಿಲುಗಳಿಂದ ತುಂಬುವುದುಂಟು. ಮರವಿಲ್ಲದ ಹುಲ್ಲುಗುಡ್ಡದ ಮೇಲೆ ಆಗ ಇರುವುದು ಅಪಾಯಕರ. ಮಾರ್ಚ್ ಬಳಿಕ ಬಿಸಿಲು, ಕಾಡ್ಗಿಚ್ಚಿನ ಭಯ. ಡಿಸೆಂಬರ್, ಜನವರಿಗಳೇ ಉತ್ತಮ. ಆನೆಗಳ ಸಂಚಾರವಿದ್ದಾಗ ಇಲಾಖೆಯವರು ಪ್ರವೇಶವನ್ನು ನಿಲ್ಲಿಸುವುದರಿಂದ ಹಿಂದಿನ ದಿನವೇ ವಿಚಾರಿಸಿಕೊಳ್ಳುವುದು ಕ್ಷೇಮ. ಕುಡಿಯುವ ನೀರು, ಹಿಡಿತವುಳ್ಳ ಪಾದರಕ್ಷೆ, ಹಿರಿಯರಿಗೆ ಒಂದು ಊರುಗೋಲು, ಇಷ್ಟಿದ್ದರೆ ಸಾಕು. ಬುತ್ತಿಯನ್ನು ಇಳಿದುಬಂದ ಮೇಲೆ ಕೆಳಗೆ ಉಣ್ಣುವುದು ಲೇಸು. ಮಂಗಗಳಿಗೂ ನಮ್ಮ ಅವಲಕ್ಕಿಯ ರುಚಿ ಹತ್ತಿಸುವುದು ಬೇಡ.

ಇನ್ನು ಹಿರಿಯರ ವಿಚಾರ. ಮರಗಳ ಹೆಸರು ಗೊತ್ತಿರುವುದು ಅವರಿಗೆ. ಸೊಪ್ಪು ಕಡಿದು, ಸೌದೆ ಹೊತ್ತು, ಕಾಟುಮಾವಿನ ಹಣ್ಣು ಹೆಕ್ಕಿ ಬೆಳೆದ ಆ ತಲೆಮಾರು ಇನ್ನು ಎಷ್ಟು ಕಾಲ ನಮ್ಮೊಡನೆ ನಡೆದೀತು? ರೆಂಜೆ ಎಂದು ನಾವು ಕರೆಯುವ ಮರ ಪುಸ್ತಕದಲ್ಲಿ ಬಕುಳ, ನೆರೆಮನೆಯ ಮಲಯಾಳಿಗೆ ಇಲಞ್ಞಿ. ನಮ್ಮ ನೇರಳೆಯೇ ಅವರ ಞಾವಲ್. ಕೆಲವು ಕನ್ನಡಾಭಿಮಾನಿಗಳು ಮಕ್ಕಳಿಗೆ ಕನ್ನಡದ ಹೆಸರನ್ನಷ್ಟೇ ಹೇಳಿಕೊಡಬೇಕೆನ್ನುತ್ತಾರೆ, ನಾನು ಒಪ್ಪುವುದಿಲ್ಲ. ಒಂದೇ ಮರಕ್ಕೆ ಮೂರು ಹೆಸರು ಬಲ್ಲ ಮಗು ಬಡವಾಗುವುದೆಂತು? ಆದರೆ ಮೂರರಲ್ಲಿ ನಮ್ಮದೊಂದು ಬಿಟ್ಟುಹೋದರೆ ಅದನ್ನು ಹೇಳಿಕೊಡಲು ಬೇರೆಯವರು ಬರುವುದಿಲ್ಲ.

2023ರಲ್ಲಿ ಕಾಸರಗೋಡು ಜಿಲ್ಲೆ ತನ್ನದೇ ಆದ ಮರ, ಹೂ, ಪಕ್ಷಿ, ಜೀವಿಗಳನ್ನು ಘೋಷಿಸಿಕೊಂಡಿತು. ದೇಶದಲ್ಲಿ ಹೀಗೆ ಮಾಡಿದ ಮೊದಲ ಜಿಲ್ಲೆಯೆಂಬ ಕೀರ್ತಿಯೂ ಬಂತು. ಜಿಲ್ಲೆಯ ಮರವೆಂದು ಆರಿಸಿದ್ದು ಕಾಂಞಿರವನ್ನು. ಅದು ನಮ್ಮ ಕಾಸರಕವೇ. ಊರಿನ ಹೆಸರು ಬಂದುದು ಆ ಮರದಿಂದಲೇ ಎಂದು ಅನೇಕರು ನಂಬುತ್ತಾರೆ. ಆದರೆ ಈಗಿನ ಮಕ್ಕಳಲ್ಲಿ ಎಷ್ಟು ಮಂದಿ ಆ ಮರವನ್ನು ಗುರುತಿಸಿಯಾರು? ಕಿತ್ತಳೆ ಬಣ್ಣದ ಚೆಂದದ ಹಣ್ಣು, ಒಳಗೆ ವಿಷದ ಬೀಜ ಎಂಬ ಎಚ್ಚರಿಕೆಯನ್ನಾದರೂ ತಿಳಿದಿರಬೇಡವೆ? ಎಲೆಯ ಚಿತ್ರ ತೆಗೆದರೆ ಹೆಸರು ಹೇಳುವ ಅನುಕೂಲ ಮೊಬೈಲಿನಲ್ಲಿದೆಯೆಂದು ಮೊಮ್ಮಕ್ಕಳು ನನ್ನನ್ನು ತಿದ್ದುತ್ತಾರೆ. ಇರಲಿ, ಅದು ಸಸ್ಯಶಾಸ್ತ್ರದ ಹೆಸರನ್ನು ಹೇಳೀತು. ಯಾವ ಸೊಪ್ಪು ಹಟ್ಟಿಗೆ, ಯಾವ ಚಿಗುರು ತಂಬುಳಿಗೆ, ಯಾವ ಮರದಡಿಯಲ್ಲಿ ಮಲಗಬಾರದು ಎಂಬುದನ್ನು ಅಜ್ಜಿಯೇ ಹೇಳಬೇಕು.

ಆದುದರಿಂದಲೇ ಸುಲಭದ ಹಾದಿ ಬೇಕೆಂದು ನಾನು ಹೇಳುವುದು. ಕಡಿದಾದ ಬೆಟ್ಟವನ್ನು ಆರಿಸಿದರೆ ಹೆಸರು ಬಲ್ಲವರು ಕಾರಿನಲ್ಲಿ ಉಳಿಯುತ್ತಾರೆ, ಹೆಸರು ಬೇಕಾದವರು ಬೆಟ್ಟ ಹತ್ತುತ್ತಾರೆ. ಎಪ್ಪತ್ತು ದಾಟಿದ ನನ್ನಂಥವರೂ ಏಳು ವರ್ಷದ ಮಗುವೂ ಕೈಹಿಡಿದು ನಡೆಯಬಲ್ಲಷ್ಟು ದೂರವನ್ನು ಗೊತ್ತುಮಾಡಿಕೊಳ್ಳಿ. ಮಗುವಿನ ಕೈಗೆ ಒಂದು ಸಣ್ಣ ನೋಟುಪುಸ್ತಕವನ್ನು ಕೊಡಿ. ಕೇಳಿದ ಹೆಸರುಗಳನ್ನು ಕನ್ನಡ ಲಿಪಿಯಲ್ಲಿ, ತುಳುವಿನದೂ ಮಲಯಾಳದ್ದೂ ಸೇರಿಸಿ, ತಾನೇ ಬರೆಯಲಿ. ಕಾಗುಣಿತ ತಪ್ಪಿದರೆ ತಿದ್ದಲು ನಾನಿನ್ನೂ ಊರಿನಲ್ಲಿಯೇ ಇದ್ದೇನೆ. ಅದರದೊಂದು ಪ್ರತಿಯನ್ನು ನಮ್ಮ ಶಾಲೆಯ ಗ್ರಂಥಾಲಯಕ್ಕೆ ಕಳುಹಿಸಿದಿರಾದರೆ ಇಲ್ಲಿಯ ಮಕ್ಕಳಿಗೂ ಉಪಕಾರವಾದೀತು.